ಕಾಲಿಗೆ ತಿಳಿಯುವ ಭೂಗೋಳ

ಸೈಕಲ್ ಪ್ರವಾಸವೆಂದರೆ ಮಕ್ಕಳ ಕಣ್ಣೆದುರು ಬರುವುದು ಘಟ್ಟದ ತಿರುವು, ಮಲೆನಾಡಿನ ಮಂಜು, ಕೊನೆಗೆ ಸಮುದ್ರ ತೀರ. ‘ಮಂಡ್ಯ ಜಿಲ್ಲೆಯಲ್ಲಿ ನೋಡೋದಕ್ಕೇನಿದೆ ಸಾರ್, ಕಬ್ಬಿನ ಗದ್ದೆ ತಾನೆ?’ ಎಂದು ಹುಡುಗರು ಕೇಳುತ್ತಾರೆ. ಅವರ ತಂದೆತಾಯಿಯರ ಪ್ರಶ್ನೆ ಬೇರೆ: ‘ಮೇಷ್ಟ್ರೇ, ಈ ಕಾಲದಲ್ಲಿ ಮಕ್ಕಳ ಕೈಗೆ ಸೈಕಲ್ ಕೊಟ್ಟು ರೋಡಿಗೆ ಬುಡಕ್ಕಾಯ್ತದಾ?’ ಎರಡಕ್ಕೂ ಉತ್ತರ ಹೇಳಬೇಕು. ಮೊದಲು ಮಕ್ಕಳದು.

ಮದ್ದೂರು ಸಮುದ್ರ ಮಟ್ಟದಿಂದ ಸುಮಾರು 660 ಮೀಟರ್ ಎತ್ತರದಲ್ಲಿದೆ. ಆಗುಂಬೆಯ ಎತ್ತರವೂ ಹೆಚ್ಚುಕಡಿಮೆ ಅಷ್ಟೇ, 640ರ ಆಸುಪಾಸು. ನಂಬುವುದು ಕಷ್ಟ, ಆದರೆ ನಿಜ. ವ್ಯತ್ಯಾಸವಿರುವುದು ಎತ್ತರದಲ್ಲಲ್ಲ, ಇಳಿಜಾರಿನಲ್ಲಿ. ಆಗುಂಬೆಯಿಂದ ಪಶ್ಚಿಮಕ್ಕೆ ಹೊರಟರೆ ಹದಿನಾಲ್ಕು ತಿರುವುಗಳಲ್ಲಿ, ಹತ್ತು ಕಿಲೋಮೀಟರಿನೊಳಗೇ ಸುಮಾರು 500 ಮೀಟರ್ ಕೆಳಗಿಳಿದು ಸೋಮೇಶ್ವರ ಸೇರುತ್ತೇವೆ. ಆ ಇಳಿಜಾರಿನ ಮೇಲೆ ಬಿದ್ದ ಮಳೆನೀರಿಗೆ ಅರಬ್ಬಿ ಸಮುದ್ರ ಬಹಳ ಹತ್ತಿರ. ಮದ್ದೂರಿನ ಮಳೆನೀರಿನ ಹಾದಿಯೇ ಬೇರೆ. ತುಮಕೂರಿನ ದೇವರಾಯನದುರ್ಗದ ಕಡೆ ಹುಟ್ಟಿ ಬಂದ ಶಿಂಷಾ ಅದನ್ನು ಹೊತ್ತುಕೊಂಡು ಹೋಗಿ ಕಾವೇರಿಗೆ ಒಪ್ಪಿಸುತ್ತದೆ. ಕಾವೇರಿ ಇಡೀ ತಮಿಳುನಾಡನ್ನು ದಾಟಿಸಿ ಬಂಗಾಳ ಕೊಲ್ಲಿಗೆ ಮುಟ್ಟಿಸುತ್ತದೆ. ನಮಗೂ ಸಮುದ್ರವಿದೆ, ಅದು ಪೂರ್ವಕ್ಕಿದೆ, ದೂರದಲ್ಲಿದೆ, ಅಷ್ಟೇ. ಆ ಕಡೆಗೆ ನೆಲ ವಾಲಿರುವುದನ್ನು ತೋರಿಸಿಕೊಡುವ ಉಪಕರಣವೊಂದು ನಮ್ಮಲ್ಲಿ ಎಷ್ಟೋ ಮನೆಗಳ ಜಗಲಿಯ ಮೇಲೆ ಗೋಡೆಗೆ ಒರಗಿ ನಿಂತಿದೆ.

ಮಂಡ್ಯದ ಎತ್ತರ ಸುಮಾರು 680 ಮೀಟರ್. ಅಲ್ಲಿಂದ ಮದ್ದೂರಿಗೆ ಇಪ್ಪತ್ತು ಕಿ.ಮೀ., ಮದ್ದೂರಿನಿಂದ ಭಾರತೀನಗರದ ಮೇಲೆ ಮಳವಳ್ಳಿಗೆ ಇಪ್ಪತ್ತೈದು. ಮಳವಳ್ಳಿಯ ಎತ್ತರ 610ರ ಸಮೀಪ. ನಲವತ್ತೈದು ಕಿ.ಮೀ.ಗೆ ಎಪ್ಪತ್ತು ಮೀಟರ್ ಇಳಿಕೆ. ಬಸ್ಸಿನಲ್ಲಿ ಕುಳಿತವನಿಗೆ ಇದು ಸಮತಟ್ಟಾದ ನೆಲ, ಏಕೆಂದರೆ ಎಂಜಿನ್ನು ಅವನ ಪರವಾಗಿ ಏದುಸಿರು ಬಿಡುತ್ತಿರುತ್ತದೆ. ಸೈಕಲ್ ತುಳಿಯುವವನಿಗೆ ಗೊತ್ತು, ಈ ಎಪ್ಪತ್ತು ಮೀಟರ್ ಒಂದೇ ಸಮನೆ ಬರುವುದಿಲ್ಲ. ಒಂದು ಇಳುಕಲು, ಒಂದು ಏರು, ಮತ್ತೆ ಇಳುಕಲು. ಪೆಡಲ್ ತುಳಿಯದೆ ಸೈಕಲ್ ತಾನಾಗಿ ಓಡತೊಡಗಿತೆಂದರೆ ಮುಂದೆ ನೀರಿದೆ ಎಂದು ಹೇಳಿಬಿಡಬಹುದು: ಹಳ್ಳವೋ ಕೆರೆಯೋ ನಾಲೆಯ ಸೇತುವೆಯೋ ಇರಲೇಬೇಕು. ಕೆರೆ ಕಟ್ಟಿಸಿದ ಹಿಂದಿನವರು ಕೂಡ ಇದನ್ನೇ ನೋಡಿದ್ದು. ಎರಡು ದಿಣ್ಣೆಗಳ ನಡುವೆ ಕಣಿವೆ ಕಿರಿದಾದ ಕಡೆ ಏರಿ ಹಾಕಿದರೆ ಕಡಿಮೆ ಮಣ್ಣಿಗೆ ಹೆಚ್ಚು ನೀರು ನಿಲ್ಲುತ್ತದೆ. ಭಾರತೀನಗರದ ಸಮೀಪದ ಸೂಳೆಕೆರೆಯ ಏರಿಯ ಮೇಲೆ ನಿಂತು ಎರಡೂ ಕಡೆ ನೋಡಿ. (ಹೆಸರಿನ ಕಥೆಯನ್ನು ಊರಿನ ಹಿರಿಯರ ಬಾಯಲ್ಲೇ ಕೇಳಬೇಕು.) ಒಂದು ಕಡೆ ನೀರು, ಇನ್ನೊಂದು ಕಡೆ ತೂಬಿನಿಂದ ಕೆಳಕ್ಕೆ ಹಾಸಿದ ಹಸಿರು. ಹೆಚ್ಚಾದ ನೀರು ಹೊರಬೀಳುವ ಕೋಡಿ ಎಲ್ಲಿದೆ, ಅಲ್ಲಿಂದ ಅದು ಎತ್ತ ಹೋಗುತ್ತದೆ ಎಂದು ಹುಡುಕುವುದಕ್ಕೇ ಒಂದು ಗಂಟೆ ಬೇಕು. ನನ್ನ ಅನುಭವದಲ್ಲಿ, ಹೀಗೊಮ್ಮೆ ಹುಡುಕಿದ ಹುಡುಗನಿಗೆ ಸಮೋನ್ನತಿ ರೇಖೆಯ ಪಾಠವನ್ನು ಎರಡನೆಯ ಸಲ ಮಾಡಬೇಕಾಗಿಲ್ಲ.

ನಾಲೆಯ ಲೆಕ್ಕಾಚಾರ ಕೆರೆಯದಕ್ಕಿಂತ ಸೂಕ್ಷ್ಮ. ಕನ್ನಂಬಾಡಿ ಕಟ್ಟೆಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಹುಲಿಕೆರೆಯ ಹತ್ತಿರ ಸುರಂಗದಲ್ಲಿ ದಿಣ್ಣೆಯನ್ನು ತೂರಿ, ಆಮೇಲೆ ಕವಲಾಗಿ, ಒಂದೇ ಒಂದು ಪಂಪಿನ ಸಹಾಯವಿಲ್ಲದೆ ಮಂಡ್ಯ, ಮದ್ದೂರು, ಮಳವಳ್ಳಿಯ ಬಯಲಿಗೆ ನೀರು ತರುತ್ತದೆ. ಇಳಿಜಾರು ಹೆಚ್ಚಾದರೆ ನೀರು ದಡ ಕೊರೆಯುತ್ತದೆ, ಕಡಿಮೆಯಾದರೆ ಹೂಳು ತುಂಬುತ್ತದೆ. ಆದ್ದರಿಂದ ನಾಲೆ ದಿಣ್ಣೆಗಳನ್ನು ಬಳಸಿಕೊಂಡು ಹಾವಿನಂತೆ ಸುತ್ತುತ್ತದೆ. ನಾಲೆಯ ಕೆಳಗೆ ಬತ್ತ, ಕಬ್ಬು. ಮೇಲೆ ರಾಗಿ, ಹುರುಳಿ. ಎಷ್ಟೋ ಕುಟುಂಬಗಳ ಭಾಗ್ಯವನ್ನು ನಿರ್ಧರಿಸಿದ್ದು ಜಮೀನು ನಾಲೆಗಿಂತ ನಾಲ್ಕು ಮಾರು ಮೇಲಿದೆಯೋ ಕೆಳಗಿದೆಯೋ ಎಂಬುದು. ಇಳಿಜಾರೆಂದರೆ ಪಠ್ಯಪುಸ್ತಕದ ಮಾತು ಮಾತ್ರವಲ್ಲ.

ಇನ್ನು ಸ್ವಲ್ಪ ಲೆಕ್ಕ. ಸವಾರ, ಸೈಕಲ್ ಸೇರಿ 70 ಕೆ.ಜಿ. ಎಂದಿಟ್ಟುಕೊಳ್ಳಿ. ಮಳವಳ್ಳಿಯಿಂದ ಮಂಡ್ಯಕ್ಕೆ ಏರುವ ಆ 70 ಮೀಟರಿಗೆ ಬೇಕಾದ ಕೆಲಸ 70×9.8×70, ಅಂದರೆ ಸುಮಾರು 48,000 ಜೌಲ್. ದೇಹ ತಾನು ಉರಿಸಿದ್ದರಲ್ಲಿ ಕಾಲು ಭಾಗವನ್ನಷ್ಟೇ ಪೆಡಲಿಗೆ ಕೊಡುತ್ತದೆಂದರೂ ಆಗುವ ಖರ್ಚು ಐವತ್ತು ಕಿಲೋಕ್ಯಾಲೊರಿಗಿಂತ ಕಡಿಮೆ. ಒಂದು ಮದ್ದೂರು ವಡೆಯಲ್ಲಿ ಅದಕ್ಕಿಂತ ಹೆಚ್ಚೇ ಇದೆ. ಹಾಗಾದರೆ ಸುಸ್ತಾಗುವುದೇಕೆ? ಗಂಟೆಗೆ 15 ಕಿ.ಮೀ. ವೇಗದಲ್ಲಿ ಹೋಗುವ ಸಾಧಾರಣ ಸೈಕಲ್ಲನ್ನು ಗಾಳಿ ಮತ್ತು ರಸ್ತೆ ಎರಡೂ ಸೇರಿ ಸುಮಾರು 12 ನ್ಯೂಟನ್ ಬಲದಿಂದ ತಡೆಯುತ್ತಿರುತ್ತವೆ. ಅದನ್ನು 45,000 ಮೀಟರಿನಿಂದ ಗುಣಿಸಿ: 5,40,000 ಜೌಲ್, ಏರಿನ ಹನ್ನೊಂದರಷ್ಟು! ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಎದುರಿನಿಂದ 15 ಕಿ.ಮೀ. ವೇಗದ ಗಾಳಿ ಬಂದರೆ ಗಾಳಿಯ ಪಾಲಿನ ತಡೆ ನಾಲ್ಕರಷ್ಟಾಗುತ್ತದೆ. ಆಷಾಢದಲ್ಲಿ ಮಂಡ್ಯದಿಂದ ಪೂರ್ವಕ್ಕೆ ಮದ್ದೂರಿನತ್ತ ಹೋಗುವವನನ್ನು ಪಡುವಣ ಗಾಳಿ ತಾನೇ ತಳ್ಳಿಕೊಂಡು ಹೋಗುತ್ತದೆ. ಮಳವಳ್ಳಿಯಿಂದ ನೇರವಾಗಿ ಮಂಡ್ಯಕ್ಕೆ ಹಿಂದಿರುಗುವಾಗ ಅದೇ ಗಾಳಿ ಎದೆಗೆ ಒದೆಯುತ್ತದೆ. ಸಾಧ್ಯವಾದರೆ ಬಾಗಿ ತುಳಿಯಿರಿ. ಅಲ್ಲಲ್ಲಿ ಇಳಿದು ಎಳನೀರು ಕುಡಿದರೂ ಅವಮಾನವಿಲ್ಲ.

ತಂದೆತಾಯಿಯರ ಭಯ ಸುಳ್ಳಲ್ಲ. ಹೆದ್ದಾರಿಯ ಮುಖ್ಯ ರಸ್ತೆ ಸೈಕಲ್ಲಿಗಂತೂ ಅಲ್ಲವೇ ಅಲ್ಲ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ದಶಪಥದಲ್ಲಿ ಅದೇ ಆಗಸ್ಟ್ 1ರಿಂದ ಬೈಕು, ಆಟೋ, ಟ್ರಾಕ್ಟರು, ಸೈಕಲ್ಲುಗಳನ್ನು ನಿಷೇಧಿಸಲಾಯಿತು. ಸರ್ವಿಸ್ ರಸ್ತೆಯನ್ನು ಮಾತ್ರ ಬಳಸಬೇಕು, ಅಲ್ಲೂ ಎದುರು ದಿಕ್ಕಿನಿಂದ ನುಗ್ಗುವವರಿರುತ್ತಾರೆ. ಕಬ್ಬು ಅರೆಯುವ ಕಾಲದಲ್ಲಿ ಹಿಂದಿನ ದೀಪವಿಲ್ಲದ ಟ್ರಾಕ್ಟರುಗಳು ಬೆಳಗಿನ ಜಾವ, ಸಂಜೆ ಓಡಾಡುತ್ತವೆ. ಬೆಳಕು ಹರಿದ ಮೇಲೆ ಹೊರಟು, ಬಿಸಿಲೇರುವ ಮೊದಲು ನಿಲ್ಲಿಸುವುದು ಲೇಸು. ನಾಲೆಯ ಪಕ್ಕದ ದಾರಿ ಏರಿಲ್ಲದೆ ಹಿತವಾಗಿದೆ ಎಂಬ ಕಾರಣಕ್ಕೇ ಮಕ್ಕಳನ್ನು ಸೆಳೆಯುತ್ತದೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಬಸ್ಸೊಂದು ಇದೇ ನಾಲೆಗೆ ಬಿದ್ದು 30 ಜನ ಸತ್ತರು, ಅವರಲ್ಲಿ ಶಾಲಾ ಮಕ್ಕಳೂ ಇದ್ದರು. ತಡೆಗೋಡೆಯಿಲ್ಲದ ನಾಲೆಯ ದಾರಿಯಲ್ಲಿ ಸೈಕಲ್ ಹತ್ತುವುದು ಬೇಡ. ಸೇತುವೆಯ ಮೇಲೆ ನಿಂತು ನೋಡಿದರೆ ಸಾಕು. ಈಜು ಬರುತ್ತದೆಂದು ನಾಲೆಗೋ ಮುತ್ತತ್ತಿಯ ಹೊಳೆಗೋ ಇಳಿಯುವುದಂತೂ ಬೇಡವೇ ಬೇಡ. ಮುತ್ತತ್ತಿಯ ಕಾಡುದಾರಿಯಲ್ಲಿ ಆನೆಗಳೂ ಇವೆ.

ಬ್ರೇಕಿನ ವಿಷಯ ಒಂದು ಮಾತು. ಆಗುಂಬೆಯಂಥ ಘಟ್ಟದಲ್ಲಿ 70 ಕೆ.ಜಿ. ಭಾರ 500 ಮೀಟರ್ ಇಳಿದರೆ ಬಿಡುಗಡೆಯಾಗುವ ಶಕ್ತಿಯಿಂದ ಒಂದು ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಒಂದಷ್ಟು ಗಾಳಿಗೆ ಹೋದರೂ ಉಳಿದ ಕಾವನ್ನು ನುಂಗಬೇಕಾದವು ಬೆರಳುದ್ದದ ನಾಲ್ಕು ರಬ್ಬರ್ ತುಂಡುಗಳು. ಸ್ಟೀಲ್ ರಿಮ್ಮು ಮಳೆಯಲ್ಲಿ ನೆನೆದರೆ ಆ ರಬ್ಬರು ಹಿಡಿಯುವುದೇ ಇಲ್ಲ. ಘಟ್ಟದ ಕನಸು ಕಾಣುವ ಹುಡುಗರು ಮೊದಲು ನಮ್ಮ ಸಣ್ಣ ಇಳುಕಲುಗಳಲ್ಲಿ ಬ್ರೇಕಿನ ಗುಣ ಕಲಿಯಲಿ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಉತ್ತರ ‘ಕಳುಹಿಸಿ’ ಎಂದೇ. 2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿದಾಗ ಪಕ್ಕದೂರಿನ ಹೈಸ್ಕೂಲಿಗೆ ಹೆಣ್ಣುಮಕ್ಕಳು ಗುಂಪುಗುಂಪಾಗಿ ತುಳಿದುಕೊಂಡು ಬರುವುದನ್ನು ನಾವೆಲ್ಲ ನೋಡಿದ್ದೇವೆ. ದಿನಕ್ಕೆ ಹತ್ತು ಕಿ.ಮೀ. ತುಳಿಯಬಲ್ಲವರು ರಜೆಯಲ್ಲಿ ಎರಡು ದಿನಕ್ಕೆ ನಲವತ್ತೈದು ತುಳಿಯಲಾರರೇ? ಐದಾರು ಜನ, ಒಬ್ಬರ ಹಿಂದೆ ಒಬ್ಬರು. ಕೊನೆಯಲ್ಲಿ ಒಬ್ಬ ಹಿರಿಯರು. ಪಂಪು, ಪಂಕ್ಚರ್ ಸಾಮಾನು, ಒಂದು ಹೆಚ್ಚಿನ ಟ್ಯೂಬು. ರಾತ್ರಿ ತಂಗುವುದು ನೆಂಟರ ಮನೆಯಲ್ಲಿ. ನಮ್ಮ ಸೀಮೆಯಲ್ಲಿ ನೆಂಟರಿಲ್ಲದ ಊರು ಯಾವುದು?

ಮಳವಳ್ಳಿ ಸೇರಿದವರು ಇನ್ನೂ ಇಪ್ಪತ್ತು ಕಿ.ಮೀ. ಚಿಲ್ಲರೆ ತುಳಿದರೆ ಶಿವನಸಮುದ್ರದ ಗಗನಚುಕ್ಕಿ. ನಾವು ಮಂಡ್ಯದಿಂದ ಮಳವಳ್ಳಿಯವರೆಗೆ ಬೆವರು ಸುರಿಸಿ ಇಳಿದದ್ದಕ್ಕಿಂತ ಹೆಚ್ಚಿನ ಎತ್ತರವನ್ನು, ಸುಮಾರು 98 ಮೀಟರನ್ನು, ಕಾವೇರಿ ಅಲ್ಲಿ ಒಂದೇ ನೆಗೆತಕ್ಕೆ ಇಳಿಯುತ್ತಾಳೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೆಲಸ ಆರಂಭವಾಗಿ, 1902ರಲ್ಲಿ ಈ ಇಳಿಜಾರೇ ವಿದ್ಯುತ್ತಾಗಿ, ಸುಮಾರು 147 ಕಿ.ಮೀ. ತಂತಿಯ ಮೇಲೆ ಹೋಗಿ ಕೋಲಾರದ ಚಿನ್ನದ ಗಣಿಗಳ ಯಂತ್ರಗಳನ್ನು ತಿರುಗಿಸಿತು. ವೀಕ್ಷಣಾ ಕಟ್ಟೆಯಿಂದಲೇ ನೋಡಿ, ಬಂಡೆಗಳಿಗೆ ಇಳಿಯಬೇಡಿ.

ಇದಕ್ಕೆ ದಸರಾ ರಜೆ ಒಳ್ಳೆಯದು. ಆಷಾಢದ ಗಾಳಿ ಅಡಗಿರುತ್ತದೆ, ಹೊಳೆಯಲ್ಲಿ ಇನ್ನೂ ನೀರಿರುತ್ತದೆ. ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರಬಹುದಾದ್ದರಿಂದ ಹನ್ನೆರಡರೊಳಗೆ ಸೂರು ಸೇರಿಕೊಳ್ಳಿ. ಆಗ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋದರೆ ಮಾತ್ರ ನಿರಾಸೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಮರಗಳಲ್ಲಿ ಗೂಡು ಕಟ್ಟಿ ತುಂಬಿರುವುದು ಚಳಿಗಾಲ ಮತ್ತು ಬೇಸಿಗೆಯಲ್ಲಿ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಊರಿನವರು ಅವನ್ನು ನೋಡಿಕೊಂಡಿದ್ದರಿಂದಲೇ 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಅದಕ್ಕೆ ಜನವರಿಯ ಒಂದು ಭಾನುವಾರವನ್ನು ಬೇರೆಯಾಗಿ ಇಟ್ಟುಕೊಳ್ಳಿ. ಬಿಸಿಲೇರಿ ನೆಲ ಕಾದು, ಬಿಸಿಗಾಳಿ ಮೇಲೇಳುವ ಹೊತ್ತಿಗೆ ಹೆಜ್ಜಾರ್ಲೆಗಳು ಅದರ ಮೇಲೆ ರೆಕ್ಕೆ ಬಡಿಯದೆ ಸುತ್ತುತ್ತ ಏರಿ, ಅಲ್ಲಿಂದ ಶಿಂಷಾ ಹೊಳೆಯ ಕಡೆಗೋ ದೂರದ ಕೆರೆಗಳ ಕಡೆಗೋ ಜಾರುತ್ತ ಹೋಗುತ್ತವೆ.