ಗಗನದ ತಾಸು, ನೆಲದ ತಾಸು

ಬೆಂಗಳೂರಿಗೂ ಹುಬ್ಬಳ್ಳಿಗೂ ವಿಮಾನದಲ್ಲಿ ಒಂದೇ ತಾಸಿನ ದಾರಿ ಎಂಬ ಮಾತು ಈಗ ಎಲ್ಲರ ಬಾಯಲ್ಲಿದೆ. ನೇರ ಗೆರೆ ಎಳೆದರೆ ಸುಮಾರು 370 ಕಿಲೋಮೀಟರು. ರಸ್ತೆಯಲ್ಲಾದರೆ 400ಕ್ಕೂ ಮೇಲೆ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಈ ಲೆಕ್ಕ ಯಾರದೆಂಬುದನ್ನು ಹಾವೇರಿ ಸೀಮೆಯ ನಾವು ವಿಚಾರಿಸಬೇಕಾಗಿದೆ.

ರಾಣೆಬೆನ್ನೂರಿನ ವ್ಯಾಪಾರಿಯೊಬ್ಬನು ವಿಮಾನದಲ್ಲಿ ಬೆಂಗಳೂರಿಗೆ ಹೊರಟನೆನ್ನಿ. ಬೆಂಗಳೂರಿರುವುದು ಆಗ್ನೇಯಕ್ಕೆ; ಅವನು ಮೊದಲು ಹೋಗಬೇಕಾದುದು ವಾಯವ್ಯಕ್ಕೆ. ಮೋಟೆಬೆನ್ನೂರು, ಹಾವೇರಿ, ಬಂಕಾಪುರ, ಶಿಗ್ಗಾಂವಿಗಳನ್ನು ಹಿಂದಿಕ್ಕಿ ಹುಬ್ಬಳ್ಳಿ ಮುಟ್ಟಲು ನೂರು ಕಿಲೋಮೀಟರಿಗೂ ಮಿಕ್ಕ ಹಾದಿ, ಎರಡು ತಾಸು. ಪೆಟ್ಟಿಗೆ ಬಿಚ್ಚಿ ತೋರಿಸಿ, ಮೈ ತಡವಿಸಿಕೊಂಡು ಕಾಯುವುದು ಒಂದು ತಾಸು. ಹಾರಾಟ ಒಂದು ತಾಸು. ಇಳಿಯುವುದೋ ದೇವನಹಳ್ಳಿಯ ಬಳಿ. 2008ರಿಂದ ರಾಜಧಾನಿಯ ವಿಮಾನಗಳ ತಾಣ ಅಲ್ಲಿಯೇ. ಪೇಟೆ ಸೇರಲು ಇನ್ನೂ ಒಂದೂವರೆ ತಾಸು. ಎಲ್ಲ ಕೂಡಿ ಐದೂವರೆ. ಅವನೊಡನೆಯೇ ಹೊರಟ ಮೋಟಾರು ಅಷ್ಟರೊಳಗೆ ಸುಮಾರು 300 ಕಿಲೋಮೀಟರನ್ನು ಕ್ರಮಿಸಿ ಬೆಂಗಳೂರಿನ ಹತ್ತಿರಕ್ಕೆ ಬಂದಿರುತ್ತದೆ. ಹಿಂದಕ್ಕೆ ನೂರು ಕಿಲೋಮೀಟರು ನಡೆದು ಮುಂದಕ್ಕೆ 370 ಹಾರುವ ಈ ಸಾಹಸಕ್ಕೆ ಹಣವನ್ನೂ ತೆರಬೇಕು!

ಹಾಗಾದರೆ ನಮ್ಮ ಜಿಲ್ಲೆಗೇ ಒಂದು ವಿಮಾನ ನಿಲ್ದಾಣ ಬೇಡವೇ ಎಂದು ಕೇಳುವವರಿದ್ದಾರೆ. 2023ರಲ್ಲಿ ಶಿವಮೊಗ್ಗದ ಸೋಗಾನೆಯಲ್ಲಿಯೂ ನಿಲ್ದಾಣ ತೆರೆದ ಮೇಲೆ ಆ ಆಸೆ ಹೆಚ್ಚಿದರೆ ಆಶ್ಚರ್ಯವಿಲ್ಲ. ನನ್ನ ಮತ ಬೇಡವೆಂದೇ. ವಿಮಾನದ ವೇಗ ಫಲಿಸುವುದು ದೂರದಲ್ಲಿ. ಏರುವ, ಇಳಿಯುವ, ಕಾಯುವ ಹೊತ್ತು ದೆಹಲಿಗಾದರೂ ಅಷ್ಟೇ, ಬೆಂಗಳೂರಿಗಾದರೂ ಅಷ್ಟೇ. ದೆಹಲಿಗೆ ಹೊರಟವನು ಹುಬ್ಬಳ್ಳಿಯವರೆಗೆ ಹೋಗುವುದರಲ್ಲಿ ಅರ್ಥವಿದೆ. ಅವನಿಗೆ ಉಳಿಯುವುದು ಒಂದು ದಿನಕ್ಕಿಂತ ಹೆಚ್ಚು.

ಇನ್ನೊಂದು ಮಾತು. ವಿಮಾನದ ಲೆಕ್ಕದಲ್ಲಿ ಎರಡು ತುದಿಗಳು ಮಾತ್ರ ಇರುತ್ತವೆ, ನಡುವಣ ಊರುಗಳಿಲ್ಲ. ಹಾವೇರಿಯ ರೈಲು ನಿಲ್ದಾಣ ಮೈಲಾರ ಮಹಾದೇವಪ್ಪನವರ ಹೆಸರನ್ನು ಹೊತ್ತಿದೆ. ಮೋಟೆಬೆನ್ನೂರಿನ ಆ ತರುಣ 1930ರಲ್ಲಿ ಗಾಂಧೀಜಿಯವರೊಡನೆ ಸಾಬರಮತಿಯಿಂದ ದಂಡಿಗೆ ನಡೆದವರು. ಆ ದಾರಿ ಸುಮಾರು 385 ಕಿಲೋಮೀಟರು, ಹೆಚ್ಚು ಕಡಿಮೆ ಬೆಂಗಳೂರು–ಹುಬ್ಬಳ್ಳಿಯ ಗಗನಮಾರ್ಗದಷ್ಟೇ. ಹಿಡಿದದ್ದು 24 ದಿನ. ನಡುವಿನ ಹಳ್ಳಿಗಳಲ್ಲಿ ತಂಗದಿದ್ದರೆ ಆ ನಡಿಗೆ ನಡಿಗೆಯೇ ಆಗುತ್ತಿರಲಿಲ್ಲ. ಇಂದು ಯಾರೂ ನಡೆಯಬೇಕೆಂದು ನಾನು ಹೇಳುತ್ತಿಲ್ಲ. ನಡುವಣ ಊರಿಗೂ ಒಂದು ನಿಲುಗಡೆ ಬೇಕೆನ್ನುತ್ತಿದ್ದೇನೆ.

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಒಂದೇ ಹಳಿಯ ಮೇಲಿವೆ. 2023ರ ಜೂನ್ 27ರಂದು ಬೆಂಗಳೂರು–ಧಾರವಾಡದ ವಂದೇ ಭಾರತ್ ಗಾಡಿ ಮೊದಲ ಬಾರಿ ಓಡಿದಾಗ ಅದರ ನಿಲುಗಡೆಗಳ ಪಟ್ಟಿಯಲ್ಲಿ ಈ ಮೂರರಲ್ಲಿ ಒಂದೂ ಇರಲಿಲ್ಲ. ವೇಗಕ್ಕೆ ಅಡ್ಡಿಯೆಂಬುದು ಇಂಥ ಕಡೆ ಹೇಳುವ ಕಾರಣ. ಎರಡು ನಿಮಿಷದ ನಿಲುಗಡೆಯಿಂದ ಗಾಡಿಗೆ ಆಗುವ ನಷ್ಟವನ್ನು ಅಳೆಯುವವರು, ಆ ನಿಲುಗಡೆಯಿಲ್ಲದೆ ನಸುಕಿನಲ್ಲೆದ್ದು ದಾವಣಗೆರೆಗೋ ಹುಬ್ಬಳ್ಳಿಗೋ ಬಸ್ಸು ಹಿಡಿಯುವ ಜನರ ತಾಸುಗಳನ್ನೂ ಅಳೆಯಬೇಕು.

ಬ್ಯಾಡಗಿಯ ಪೇಟೆಗೆ ಮೆಣಸಿನಕಾಯಿ ವಿಮಾನದಲ್ಲಿ ಬರುವುದಿಲ್ಲ. ಲಾರಿಯಲ್ಲಿ ಚೀಲದ ಮೇಲೆ ಒರಗಿ ರಾತ್ರಿ ಕಳೆಯುವ ರೈತನ ಹೊತ್ತು ಯಾವ ವೇಳಾಪಟ್ಟಿಯಲ್ಲೂ ಅಚ್ಚಾಗಿಲ್ಲ. ಅವನಿಗೆ ಬೇಕಾದುದು ಮಳೆಗಾಲದಲ್ಲಿಯೂ ಕೆಡದ ಹೊಲದ ಹಾದಿ, ಪೇಟೆಯಿಂದ ಸಂಜೆಗೆ ಮರಳುವ ಬಸ್ಸು. ಶಿವಮೊಗ್ಗದಿಂದ ಶಿಕಾರಿಪುರದ ಮೇಲೆ ರಾಣೆಬೆನ್ನೂರಿಗೆ ಮಂಜೂರಾದ ರೈಲುಮಾರ್ಗವನ್ನೂ ಇದರೊಡನೆ ಕೇಳೋಣ. ವಿಮಾನದ ಮನವಿಯನ್ನು ಇವೆಲ್ಲ ಕೈಗೂಡಿದ ಮೇಲೆ ಬರೆದರಾಯಿತು.