ಹಿತ್ತಲಿಗೆ ಪೇವರ್ ಬ್ಲಾಕ್ ಹಾಸುವ ಮುಂಚೆ...

ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಮುಂದಿನ ಭಾನುವಾರ ಜನರಲ್ ಬಾಡಿ ಮೀಟಿಂಗ್. ಅಜೆಂಡಾದಲ್ಲಿ ನಾಲ್ಕನೇ ವಿಷಯ, ಕಟ್ಟಡದ ಹಿಂದಿನ ಮಣ್ಣಿನ ಜಾಗಕ್ಕೆ ಪೇವರ್ ಬ್ಲಾಕ್ ಹಾಸಿ ನಾಲ್ಕು ಕಾರು ನಿಲ್ಲಿಸುವುದು. ಕೊಟೇಶನ್ ತರಿಸಿ ಸಹಿ ಹಾಕಿದವನು ಖಜಾಂಚಿಯಾದ ನಾನೇ. ಅದು ಬೇಡ ಎಂದು ಈಗ ಬರೆಯುತ್ತಿರುವವನೂ ನಾನೇ. ನಗುವವರು ನಕ್ಕುಬಿಡಿ.

ಆ ಜಾಗದಲ್ಲಿ ಏನಿದೆ ಮಹಾ? ಒಂದು ಕರಿಬೇವು, ಎರಡು ಬಾಳೆ, ಒಂದು ನುಗ್ಗೆ, ಮಳೆ ಬಿದ್ದೊಡನೆ ತಾನಾಗಿ ಏಳುವ ತಗಚೆ ಸೊಪ್ಪು. ಎರಡನೇ ಮಹಡಿಯಲ್ಲಿರುವ ನನ್ನ ತಂಗಿ ತನ್ನ ಇಬ್ಬರು ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುತ್ತಾಳೆ. ಅವರ ವಿಜ್ಞಾನದ ಪಾಠ ನಡೆಯುವುದು ಇಲ್ಲೇ. "ಮಕ್ಕಳ ಭವಿಷ್ಯ ಹಾಳು ಮಾಡ್ತಿದ್ದೀಯ" ಎಂದು ನಾನೂ ಬೈದವನೇ. ಹದಿನಾಲ್ಕು ತುಂಬಿದರೆ ಎನ್.ಐ.ಒ.ಎಸ್. ಮೂಲಕ ಹತ್ತನೇ ತರಗತಿ ಪರೀಕ್ಷೆ ಬರೆಯಬಹುದು ಎಂದು ಅವಳು ಹೇಳಿದ ಮೇಲೂ ಬೈದೆ.

ಕಳೆದ ಮೇ ನಡುವೆ ಒಂದು ದಿನ ಇಬ್ಬರೂ ಹಿತ್ತಲಲ್ಲಿ ಕೋಲು ನೆಟ್ಟು ಕೂತಿದ್ದರು. ನೆರಳು ಗಿಡ್ಡವಾಗುತ್ತಾ ಹೋಗಿ ಪೂರ್ತಿ ಮಾಯವಾಯಿತು. ಅದೂ ಹನ್ನೆರಡಕ್ಕಲ್ಲ, 12.35ರ ಸುಮಾರಿಗೆ! ನನ್ನ ಗಡಿಯಾರವೇ ತಪ್ಪೆಂದೆ. ಹತ್ತು ವರ್ಷದ ಸೊಸೆ ವಿವರಿಸಿದಳು: ನಮ್ಮ ದೇಶದ ಸಮಯ 82.5 ಡಿಗ್ರಿ ರೇಖಾಂಶದ್ದು, ನಾವಿರುವುದು 73ರ ಹತ್ತಿರ, ಡಿಗ್ರಿಗೆ ನಾಲ್ಕು ನಿಮಿಷ. ಲೆಕ್ಕ ಹಾಕಿದೆ, 38 ನಿಮಿಷ ಬಂತು. ಉಳಿದ ಮೂರು ನಾಲ್ಕು ನಿಮಿಷ ಎಲ್ಲಿ ಹೋಯಿತು ಎಂದೆ. ಭೂಮಿ ಸುತ್ತುವ ದಾರಿ ಪೂರ್ತಿ ದುಂಡಗಿಲ್ಲ, ನೆಟ್ಟಗೂ ನಿಂತಿಲ್ಲ, ಅದಕ್ಕೇ ಎಂದಳು. ಮೂವತ್ತು ವರ್ಷ ಬಡ್ಡಿ ಲೆಕ್ಕ ಮಾಡಿದವನು ಸುಮ್ಮನಾದೆ.

ಆಮೇಲೆ ಮಳೆ. ನಮ್ಮಮ್ಮ ಫೋನಿನಲ್ಲಿ "ಆರಿದ್ರಾ ಹಿಡೀತು" ಅಂದರೆ ಚಿಕ್ಕವನು ಕೇಳುತ್ತಾನೆ, "ಮಾವ, ದೀಪಾವಳಿ ಹಿಂದೆ ಮುಂದೆ ಹೋಗುತ್ತೆ, ಆರಿದ್ರಾ ಯಾಕೆ ಪ್ರತಿವರ್ಷ ಜೂನ್ 22ರ ಹತ್ತಿರವೇ?" ಕುಂದಾಪುರದಲ್ಲಿ ಹುಟ್ಟಿ ಆ ಮಳೆಯಲ್ಲೇ ನೆನೆದ ನನಗೆ ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಹಬ್ಬದ ತಿಥಿ ಚಂದ್ರನದು, ಮಳೆನಕ್ಷತ್ರ ಸೂರ್ಯನದು. ಸೂರ್ಯ 27 ನಕ್ಷತ್ರ ದಾಟಲು 365 ದಿನ, ಅಂದರೆ ಒಂದೊಂದಕ್ಕೆ ಹದಿಮೂರೂವರೆ. ಗೋಡೆ ನೆಟ್ಟಗಿರುವ ಒಂದು ಡಬ್ಬ ಇಟ್ಟು ಪ್ರತಿ ನಕ್ಷತ್ರದ ಮಳೆಯನ್ನು ಸ್ಕೇಲಿನಲ್ಲಿ ಅಳೆದು ಬರೆದಿಡುತ್ತಿದ್ದಾರೆ. ಕರಿಬೇವಿನ ಮೇಲೆ ಹಕ್ಕಿ ಹಿಕ್ಕೆಯಂತೆ ಕೂತ ಹುಳು ಬೆಳೆದು ಹಸಿರಾಯಿತು, ಮುಟ್ಟಿದರೆ ತಲೆಯಿಂದ ಕೆಂಪು ಕೊಂಬು ಹೊರಗೆ ಹಾಕುತ್ತದೆ, ನಾತ ಬೇರೆ. ನಿಂಬೆ ಗಿಡದ ಚಿಟ್ಟೆ ಕರಿಬೇವಿಗೆ ಯಾಕೆ ಬಂತು? ಎರಡೂ ಒಂದೇ ಕುಟುಂಬ.

ನನ್ನ ಮಗ ಐದನೇ ಕ್ಲಾಸಿನಲ್ಲಿದ್ದಾಗ ಮಳೆಗಾಲದ ಪ್ರಾಜೆಕ್ಟ್ ಇತ್ತು. ಸ್ಟೇಷನರಿ ಅಂಗಡಿಯಿಂದ ಚಾರ್ಟ್ ತಂದು ಕತ್ತರಿಸಿ ಅಂಟಿಸಿದವನು ನಾನು. ಎ ಗ್ರೇಡ್ ಬಂತು. ಹೊರಗೆ ಧೋ ಎಂದು ಸುರಿಯುತ್ತಿತ್ತು, ಕಿಟಕಿ ಹಾಕಿದ್ದೆವು.

ಎಲ್ಲರೂ ಶಾಲೆ ಬಿಡಿಸಿ ಎಂದು ನಾನು ಹೇಳುತ್ತಿಲ್ಲ. ಇಬ್ಬರೂ ದುಡಿಯುವ ಮನೆಯಲ್ಲಿ ಅದು ಆಗದ ಮಾತು. ಆದರೆ ಈ ಕೋಲು, ಡಬ್ಬ, ಹುಳ ಶಾಲೆಗೆ ಹೋಗುವ ಮಕ್ಕಳಿಗೆ ನಿಷಿದ್ಧವೇ ಸ್ವಾಮೀ? ಊರಿನ ಹಿತ್ತಲು, ಹಲಸು, ಮಿಂಚುಹುಳ ಎಂದು ಸಂಘದ ಕಾರ್ಯಕ್ರಮದಲ್ಲಿ ಗಂಟೆಗಟ್ಟಲೆ ಕಣ್ಣೀರು ಹಾಕುವ ನಾವೇ, ಕಿಟಕಿಯ ಕೆಳಗಿನ ಹಿತ್ತಲಿಗೆ ಸಿಮೆಂಟ್ ಇಟ್ಟಿಗೆ ಹಾಸಲು ಕೈ ಎತ್ತುತ್ತೇವೆ. ಕೊಚ್ಚೆ, ಸೊಳ್ಳೆ ಎಂಬ ದೂರು ಬೇರೆ. ಸೊಳ್ಳೆ ಹುಟ್ಟುವುದು ನಿಂತ ನೀರಿನಲ್ಲಿ. ಟೆರೇಸಿನ ಮೇಲೆ ವರ್ಷದಿಂದ ಬಿದ್ದಿರುವ ಒಡೆದ ಡ್ರಮ್ಮಿನ ಬಗ್ಗೆ ಯಾರೂ ಠರಾವು ತಂದಿಲ್ಲ.

ಸಹಿ ವಾಪಸು ಪಡೆಯುವ ಪತ್ರ ಸೆಕ್ರೆಟರಿಗೆ ಕೊಟ್ಟಾಗಿದೆ. ಇರುವುದು 28 ಮನೆ, ಬೇಕಾದದ್ದು 15 ಮತ, ಸಿಕ್ಕಿರುವುದು ಒಂಬತ್ತು. ನಮ್ಮ ಕಟ್ಟಡದಲ್ಲೇ ಕೂತು ಇದನ್ನು ಓದುತ್ತಿರುವ ಕನ್ನಡದ ಮೂರು ಮನೆಯವರೇ, ಶನಿವಾರ ಸಂಜೆ ಬಾಗಿಲು ತಟ್ಟುತ್ತೇನೆ. ಚಹಾ ಇಡಿ.