ಮೂರು ನಿಮಿಷದ ತಟ್ಟೆಯ ಕಥೆ



ತಮ್ಮನ್ನು ಸಂಗೀತಕ್ಕೆ ಎಳೆದ ಮೊದಲ ಧ್ವನಿಮುದ್ರಿಕೆ, ಮೊದಲ ಕಛೇರಿಗಳ ಬಗ್ಗೆ ನಮ್ಮ ಊರಿನ ಕಲಾವಿದರು ಹೇಳಿಕೊಂಡ ನಿಮ್ಮ ಪುರವಣಿಯ ಬರಹ ಹಿಡಿಸಿತು. ಆದರೆ ಹೆಚ್ಚಿನವರು ‘ಮೈಮರೆತೆ’ ಎಂದಷ್ಟೇ ಹೇಳಿ ಮುಗಿಸಿದ್ದಾರೆ. ಎಲ್ಲಿ ಕೇಳಿದರು, ಯಾರ ಮನೆಯ ಯಂತ್ರದಲ್ಲಿ, ಏನನ್ನು ಕದ್ದು ಕಲಿತರು? ಅದು ಬೇಕಿತ್ತು.

ಧಾರವಾಡ ಸೀಮೆಯಲ್ಲಂತೂ ಕಥೆ ಇರುವುದೇ ಈ ವಿವರಗಳಲ್ಲಿ. ಗದಗಿನ ಬಾಲಕ ಭೀಮಸೇನ ಜೋಶಿಯವರಿಗೆ ಹುಚ್ಚು ಹಿಡಿಸಿದ್ದು ಅಬ್ದುಲ್ ಕರೀಂ ಖಾನರ ಠುಮರಿಯ ಗ್ರಾಮಫೋನ್ ತಟ್ಟೆ. 1933ರಲ್ಲಿ ಗುರುವನ್ನು ಹುಡುಕುತ್ತ ಅವರು ಮನೆಯನ್ನೇ ಬಿಟ್ಟರು. ಬಾಲಕ ಕುಮಾರ ಗಂಧರ್ವರು ದೊಡ್ಡವರ ತಟ್ಟೆಗಳನ್ನು ಕೇಳಿ ಹಾಗೆ ಹಾಗೆಯೇ ಒಪ್ಪಿಸುತ್ತಿದ್ದರು. ಆಗಿನ 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ಮೂರು ಚಿಲ್ಲರೆ ನಿಮಿಷ. ಗಂಟೆಗಟ್ಟಲೆ ಹಾಡುವವರು ಅಷ್ಟರಲ್ಲೇ ರಾಗವನ್ನು ಹಿಂಡಿ ಕೊಡಬೇಕಿತ್ತು. (ಈಗಿನ ರೀಲ್ಸ್ ಬೈಯುವವರು ಇದನ್ನೂ ನೆನೆಯಲಿ!) ಸುಗಮ ಸಂಗೀತದ ಅನೇಕರಿಗೆ ಅಂಥದ್ದೇ ಗುರು 1978ರ ‘ನಿತ್ಯೋತ್ಸವ’ ಕ್ಯಾಸೆಟ್. ಬರಹದಲ್ಲಿ ಅದರ ಹೆಸರೇ ಇಲ್ಲದ್ದು ಅಚ್ಚರಿ.

ಇನ್ನೊಂದು ಮಾತು: ತಬಲಾ, ಹಾರ್ಮೋನಿಯಂ ಸಾಥಿದಾರರನ್ನು ನೀವು ಕೇಳಿಯೇ ಇಲ್ಲ. ಮುಂದಿನ ಕಂತು ಅವರಿಂದಲೇ ಶುರುವಾಗಲಿ.

— ಒಬ್ಬ ಓದುಗ, ಧಾರವಾಡ